ಹೊರುವವರು ಯಾರು?

ಮಗು,

ಮನೆ ಮಾರಾಟಕ್ಕೆ ಹಾಕಿದ್ದೀರಿ, ಟ್ರೇಲರ್‌ಗೆ ಮುಂಗಡ ಕೊಟ್ಟಾಯಿತು, ಇನ್ನು ನಾಲ್ಕು ತಿಂಗಳಲ್ಲಿ ಓಹಾಯೋ ಬಿಟ್ಟು ಹೊರಡುವುದು ಎಂದು ನೀವಿಬ್ಬರೂ ನಿಶ್ಚಯ ಮಾಡಿದ್ದೀರಿ. ನಿಮ್ಮಮ್ಮನಿಗೆ ಇದು ಇನ್ನೂ ಅರಗಿಲ್ಲ. "ಇರೋ ಮನೆ ಮಾರಿ ಗಾಡೀಲಿ ಬದುಕೋದು ಅಂದ್ರೇನಕ್ಕಾ" ಎಂದು ಶಿವಮೊಗ್ಗದಿಂದ ಫೋನ್ ಮಾಡಿ ಕೇಳಿದಳು. ಅವಳಿಗೆ ಸಮಾಧಾನ ಹೇಳುವ ಕೆಲಸ ನನಗಿರಲಿ. ನಾವೂ ಹೀಗೇ ಬದುಕುತ್ತಿದ್ದೇವೆ, ಚೆನ್ನಾಗಿಯೇ ಇದ್ದೇವೆ ಎನ್ನುವುದನ್ನು ಅವಳು ಕಣ್ಣಾರೆ ಕಂಡವಳು. ನೀನು ಕೇಳಿದ ವಿಷಯಕ್ಕೆ ಬರುತ್ತೇನೆ: ನಾಲ್ಕು ಕೋಣೆಯ ಮನೆಯ ಸಾಮಾನಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪಟ್ಟಿ ಬರೆದುಕೊಡಿ ಅಂದೆ. ಪಟ್ಟಿಯಿಂದ ನಿನಗೆ ಉಪಯೋಗವಿಲ್ಲ. ವರ್ಷವಿಡೀ ಆರ್‌ವಿಯಲ್ಲೇ, ಅಂದರೆ ಇಂಥ ಮನೆಗಾಡಿಯಲ್ಲೇ ಇರುವವರು ನಮಗೆ ದಾರಿಯಲ್ಲಿ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಮೀನು ಹಿಡಿಯುವವರ ಗಾಡಿಯಲ್ಲಿ ಇರುವುದು ಹೊಲಿಗೆ ಮಾಡುವವರ ಗಾಡಿಯಲ್ಲಿ ಇರುವುದಿಲ್ಲ. ಪಟ್ಟಿಯ ಬದಲು ಒಂದು ಪ್ರಶ್ನೆ ಕೊಡುತ್ತೇನೆ. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡಾಗ "ಇದು ಬೇಕಾ, ಬೇಡವಾ" ಅಂತ ಕೇಳಿಕೊಳ್ಳಬೇಡ. ಹಾಗೆ ಕೇಳಿದರೆ ಮನಸ್ಸು ಎಲ್ಲದಕ್ಕೂ ಬೇಕು ಅನ್ನುತ್ತದೆ. "ಇನ್ನು ಮುಂದೆ ಇದನ್ನು ಹೊರುವವರು ಯಾರು" ಅಂತ ಕೇಳು. ಅದಕ್ಕೆ ಇರುವುದು ಎರಡೇ ಉತ್ತರ. ಒಂದೋ ನಿಮ್ಮ ಗಾಡಿಯ ಅಚ್ಚು ಹೊರಬೇಕು, ಇಲ್ಲವೇ ಅದನ್ನು ಬಳಸಬಲ್ಲ ಇನ್ನೊಬ್ಬರ ಕೈ ಹೊರಬೇಕು. ಬಾಡಿಗೆಗೆ ಹಿಡಿದು ಬೀಗ ಹಾಕಿದ ಸ್ಟೋರೇಜ್ ಕೋಣೆ ಮೂರನೆಯ ಉತ್ತರದಂತೆ ಕಾಣುತ್ತದೆ. ಅದು ಉತ್ತರವಲ್ಲ, ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ಅಚ್ಚಿನ ಮಾತು. ಟ್ರೇಲರಿನ ಬಾಗಿಲ ಹತ್ತಿರ ಒಂದು ಹಳದಿ ಚೀಟಿ ಅಂಟಿಸಿರುತ್ತಾರೆ. ಒಳಗೆ ತುಂಬುವ ಸರಕು ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ, ತೊಟ್ಟಿ ತುಂಬ ನೀರು ಹಾಕಿದರೆ ಅದೆಷ್ಟು ತೂಕ ಅನ್ನುವುದನ್ನೂ ಬರೆದಿರುತ್ತದೆ. ಗಾಡಿ ಕೊಳ್ಳುವಾಗ ಎಲ್ಲರೂ ಸೋಫಾ ನೋಡುತ್ತಾರೆ, ಒಲೆ ನೋಡುತ್ತಾರೆ, ಈ ಚೀಟಿಯನ್ನು ಓದುವವರು ಕಡಿಮೆ. ನೀನು ಓದು. ಚೀಟಿಯಲ್ಲಿ 1,650 ಪೌಂಡ್ ಅಂತ ಇದೆ, ತೊಟ್ಟಿ 45 ಗ್ಯಾಲನ್ನಿನದು ಅಂದುಕೊ. ಒಂದು ಗ್ಯಾಲನ್ ನೀರು 8.3 ಪೌಂಡಿಗೆ ತುಸು ಹೆಚ್ಚೇ ತೂಗುತ್ತದೆ. ತೊಟ್ಟಿ ತುಂಬಿದರೆ 375 ಪೌಂಡ್. ಉಳಿದದ್ದು 1,275, ಅಂದರೆ ಸುಮಾರು 580 ಕೆಜಿ. ಮೂರು ಜನರ ಬಟ್ಟೆ, ಪಾತ್ರೆ, ಹಾಸಿಗೆ, ದಿನಸಿ, ಪುಸ್ತಕ, ಆಟಿಕೆ, ಅಳಿಯಂದಿರ ಕಂಪ್ಯೂಟರುಗಳು, ಎಲ್ಲ ಇಷ್ಟರೊಳಗೆ ಬರಬೇಕು. ಗಾಡಿಯಲ್ಲಿ ಜಾಗ ಮಿಕ್ಕಿದೆ ಎಂದ ಮಾತ್ರಕ್ಕೆ ತೂಕ ಮಿಕ್ಕಿದೆ ಎಂದಲ್ಲ. ಕಪಾಟುಗಳು ಅರ್ಧ ಖಾಲಿ ಇರುವಾಗಲೇ ತೂಕದ ಮಿತಿ ದಾಟಿರಬಹುದು.

ನೀರು ಖರ್ಚಾದರೆ ತೂಕ ಇಳಿಯಿತು ಅಂದುಕೊಳ್ಳುವವರೂ ಇದ್ದಾರೆ. ಪಾತ್ರೆ ತೊಳೆದ ನೀರು, ಸ್ನಾನದ ನೀರು, ಶೌಚದ ನೀರು ಎಲ್ಲ ಕೆಳಗಿನ ಎರಡು ತೊಟ್ಟಿಗಳಲ್ಲೇ ನಿಂತಿರುತ್ತದೆ. ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡುವವರೆಗೂ ಆ ಭಾರ ನಿಮ್ಮ ಜೊತೆಗೇ ಬರುತ್ತದೆ. ಮಿತಿ ಮೀರಿದ ತೂಕವನ್ನು ಮೊದಲು ಅನುಭವಿಸುವುದು ಟೈರು. ಬೇಸಿಗೆಯ ಹೆದ್ದಾರಿಯಲ್ಲಿ, ಹೆಚ್ಚು ಭಾರ ಮತ್ತು ಕಡಿಮೆ ಗಾಳಿ ಕೂಡಿದಾಗ ಟ್ರೇಲರ್ ಟೈರು ಸಿಡಿಯುತ್ತದೆ, ಸಿಡಿದದ್ದು ಕೆಳಗಿನ ಕೊಳವೆಗಳನ್ನೂ ಹರಿದುಕೊಂಡು ಹೋಗುತ್ತದೆ. ಆದ್ದರಿಂದ ನಾನು ತೂಕದ ಮಾತು ಆಡುವಾಗ ಜುಗ್ಗತನ ಕಲಿಸುತ್ತಿದ್ದೇನೆ ಅಂದುಕೊಳ್ಳಬೇಡ. ಹಿಂದಿನ ಸೀಟಿನಲ್ಲಿ ನಿನ್ನ ಮಗಳು ಪುಟ್ಟಿ ಕೂತಿರುತ್ತಾಳೆ.

ಇನ್ನೊಂದು ವಿಷಯ. ಇಟ್ಟುಕೊಳ್ಳುವುದನ್ನೇ ಯೋಚಿಸುತ್ತಾ ಹೊಸದಾಗಿ ಬಂದು ಸೇರುವುದನ್ನು ಮರೆಯಬೇಡ. ಕುಡಿಯುವ ನೀರಿನ ಬಿಳಿ ಹೋಸ್, ಕೊಳಚೆಗೆ ಬೇರೆ ಹೋಸ್, ನೀರಿನ ಒತ್ತಡ ತಗ್ಗಿಸುವ ರೆಗ್ಯುಲೇಟರ್, ಕ್ಯಾಂಪಿನ ಕರೆಂಟು ಏರುಪೇರಾದರೆ ತಡೆಯುವ ಸರ್ಜ್ ಪ್ರೊಟೆಕ್ಟರ್, ಚಕ್ರಕ್ಕೆ ಕೊಡುವ ಅಡೆ, ಮಟ್ಟ ಮಾಡುವ ಹಲಗೆಗಳು, ಟಾರ್ಕ್ ರೆಂಚು, ಟೈರಿನ ಗಾಳಿ ನೋಡುವ ಗೇಜು, ಹೆಚ್ಚುವರಿ ಫ್ಯೂಸುಗಳು. ಇವು ಯಾವುವೂ ಈಗ ನಿಮ್ಮ ಮನೆಯಲ್ಲಿಲ್ಲ, ನಾಳೆ ಇವಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಇವುಗಳ ಪಾಲನ್ನು ಮೊದಲೇ ತೆಗೆದಿಟ್ಟು ಆಮೇಲೆ ಉಳಿದದ್ದನ್ನು ಹಂಚಿಕೊ.

ತುಂಬುವ ಕ್ರಮವೂ ಮುಖ್ಯ. ನಿಮ್ಮಜ್ಜ ತೀರ್ಥಹಳ್ಳಿ ಸಂತೆಗೆ ಗಾಡಿ ಹೂಡುವಾಗ ಮೂಟೆಗಳನ್ನು ಹಿಂದೆ ಮುಂದೆ ಸರಿಸಿ ಸರಿಸಿ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಜಗ್ಗುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರಿನದೂ ಇದೇ ಲೆಕ್ಕ. ಅದರ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ ಇರಬೇಕು. ಹಿಂದೆ ಹೆಚ್ಚು ತುಂಬಿದರೆ ವೇಗದಲ್ಲಿ ಗಾಡಿ ಬಾಲ ಬೀಸತೊಡಗುತ್ತದೆ, ಪಕ್ಕದಲ್ಲಿ ದೊಡ್ಡ ಲಾರಿ ದಾಟಿದಾಗಲಂತೂ ಹಿಡಿತಕ್ಕೇ ಸಿಗುವುದಿಲ್ಲ. ಭಾರದ ಸಾಮಾನು ಅಚ್ಚಿನ ಆಸುಪಾಸಿನಲ್ಲಿ, ನೆಲಕ್ಕೆ ಹತ್ತಿರ. ಮೇಲಿನ ಕಪಾಟಿನಲ್ಲಿ ಟವೆಲು, ಹಪ್ಪಳ, ಕಾಗದದಂಥವು ಸಾಕು.

ಅಡುಗೆಮನೆಯ ವಿಷಯದಲ್ಲಿ ನಾನು ಬೇರೆಯವರ ಸಲಹೆಗೆ ಒಪ್ಪುವುದಿಲ್ಲ. ಒಂದು ಬಾಣಲೆ, ಒಂದು ಪಾತ್ರೆ ಸಾಕು ಎನ್ನುತ್ತಾರೆ ಇಲ್ಲಿನವರು. ಅವರ ಊಟಕ್ಕೆ ಸಾಕಾದೀತು. ನಾವು ದಿನಾ ಬೇಳೆ ಬೇಯಿಸುವವರು. ಯೆಲ್ಲೋಸ್ಟೋನ್ ಸರೋವರ ಸಮುದ್ರಮಟ್ಟದಿಂದ 7,733 ಅಡಿ ಎತ್ತರದಲ್ಲಿದೆ; ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಗ್ಯಾಸು ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನಲ್ಲೂ ಎತ್ತರ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ಪ್ರೆಶರ್ ಕುಕ್ಕರ್ ಬರಲೇಬೇಕು, ಅದರ ಜೊತೆಗೆ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್. ನಮ್ಮ ಕುಕ್ಕರಿನ ಬಿಡಿಭಾಗ ವಯೋಮಿಂಗಿನ ಹಳ್ಳಿಯಲ್ಲಿ ಸಿಗುವುದಿಲ್ಲ. ಇಲ್ಲಿನ 110 ವೋಲ್ಟಿನ ಮಿಕ್ಸಿ ನಿನ್ನ ಹತ್ತಿರ ಇದೆ, ಅದೂ ಬರಲಿ. ಕಲ್ಲಿನ ವೆಟ್ ಗ್ರೈಂಡರ್ ಬೇಡ. ಅದು ಹತ್ತು ಕೆಜಿಗೂ ಮೇಲೆ ತೂಗುತ್ತದೆ, ವಾರಕ್ಕೊಮ್ಮೆ ಇಡ್ಲಿಗೆ ಮಿಕ್ಸಿಯಲ್ಲಿ ರುಬ್ಬಿದರೆ ನಡೆಯುತ್ತದೆ. 30 ಆಂಪಿಯರ್ ಸಂಪರ್ಕದ ಗಾಡಿಯಲ್ಲಿ ಒಟ್ಟು ಸಿಗುವುದು 3,600 ವ್ಯಾಟ್ ಅನ್ನುವುದು ನೆನಪಿರಲಿ; ಏಸಿ ಓಡುತ್ತಿದ್ದು ಮೈಕ್ರೋವೇವ್ ಹಾಕಿ ಅದರ ಮೇಲೆ ಮಿಕ್ಸಿ ಒತ್ತಿದರೆ ಬ್ರೇಕರ್ ಬೀಳುತ್ತದೆ.

ದಿನಸಿಗೆ ಒಂದು ವಿವೇಕ ಇದೆ. ಭಾರವಾಗಿದ್ದು ಎಲ್ಲೆಡೆ ಸಿಗುವುದನ್ನು ಹೊರಬೇಡ. ಹಗುರವಾಗಿದ್ದು ಎಲ್ಲೂ ಸಿಗದ್ದನ್ನು ಬಿಡಬೇಡ. ಅಕ್ಕಿ, ಎಣ್ಣೆ, ಸಕ್ಕರೆ, ಆಲೂಗಡ್ಡೆ ಯಾವ ಊರಿನ ವಾಲ್‌ಮಾರ್ಟಿನಲ್ಲೂ ಸಿಗುತ್ತವೆ. ಸೋನಾ ಮಸೂರಿಯೇ ಬೇಕು ಅಂತ ನಲವತ್ತು ಪೌಂಡಿನ ಚೀಲ ಹೊತ್ತು ಮೊಂಟಾನ ತಿರುಗಬೇಕಿಲ್ಲ. ಸಾರಿನ ಪುಡಿ, ಹುಳಿಪುಡಿ, ಬ್ಯಾಡಗಿ ಮೆಣಸಿನಕಾಯಿ, ಇಂಗು, ಹುಣಸೆಹಣ್ಣು, ಒಣಗಿದ ಕರಿಬೇವು, ನಿಮ್ಮಮ್ಮ ಕಳಿಸುವ ಅಪ್ಪೆಮಿಡಿ ಉಪ್ಪಿನಕಾಯಿ ಇವು ಬೇಕು. ಪಶ್ಚಿಮದ ರಾಜ್ಯಗಳಲ್ಲಿ ಒಂದು ಇಂಡಿಯನ್ ಅಂಗಡಿಯಿಂದ ಇನ್ನೊಂದಕ್ಕೆ ಒಂದು ಪೂರ್ತಿ ದಿನದ ದಾರಿ ಇರುವುದುಂಟು.

ಒಗ್ಗರಣೆಗೆ ಒಂದು ಸಣ್ಣ ಹೊರ ಒಲೆ ಇಟ್ಟುಕೊ. ಒಳಗೆ ಸಾಸಿವೆ ಸಿಡಿಸಿ ಮೆಣಸಿನಕಾಯಿ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ ಅನ್ನುವುದು ದೊಡ್ಡ ವಿಷಯವಲ್ಲ; ಅಲಾರಂ ಕೂಗಿತೆಂದು ಅದರ ಬ್ಯಾಟರಿ ತೆಗೆದಿಡುವ ಅಭ್ಯಾಸ ಶುರುವಾಗುತ್ತದಲ್ಲ, ಅದು ಅಪಾಯ. ಅಲಾರಂ ಎಂದೂ ತೆಗೆಯಬೇಡ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಗ್ಯಾಸ್ ಡಿಟೆಕ್ಟರನ್ನು ಕೆಳಗೆ ಕೂರಿಸಿರುತ್ತಾರೆ. ಅದರ ಮುಂದೆ ಚಪ್ಪಲಿ ಸ್ಟ್ಯಾಂಡು, ಚೀಲ ಏನನ್ನೂ ಇಡಕೂಡದು.

ನಿನ್ನ ವೀಣೆಯ ಬಗ್ಗೆ ನೀನು ಕೇಳಲಿಲ್ಲ. ಕೇಳಲು ಹೆದರಿಕೆಯಾಗಿರಬೇಕು, ನಾನೇ ಹೇಳುತ್ತೇನೆ. ಅದು ಗಾಡಿಯಲ್ಲಿ ಬದುಕುವುದಿಲ್ಲ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಕೂತಿರುವುದು ಮೇಣದ ಮೇಲೆ. 2023ರಲ್ಲಿ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ಸೆಲ್ಸಿಯಸ್ಸಿನಲ್ಲಿ 43ಕ್ಕೂ ಮೇಲೆ. ಅದು ಹೊರಗಿನ ಲೆಕ್ಕ. ಏಸಿ ಇಲ್ಲದೆ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಟ್ರೇಲರಿನ ಒಳಗೆ ಇನ್ನೂ ಹೆಚ್ಚು. ಅಷ್ಟು ಬಿಸಿಗೆ ಮೇಣ ಮೆದುವಾಗಿ ಮೆಟ್ಟಿಲು ಜರುಗಿದರೆ ಸ್ವರಸ್ಥಾನವೇ ಕೆಡುತ್ತದೆ. ಮತ್ತೆ ಮೇಳ ಕಟ್ಟುವವರನ್ನು ಎಲ್ಲಿ ಹುಡುಕುತ್ತೀ? ಅದರ ಮೇಲೆ ರಸ್ತೆಯ ಕುಲುಕಾಟ ಬೇರೆ. ನೀನು ಸಂಗೀತ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕನ್ನಡ ಕೂಟದಲ್ಲಿ ಪಾಠ ಕಲಿಯುತ್ತಿರುವ, ಸ್ವಂತ ವೀಣೆ ಇಲ್ಲದ ಹುಡುಗಿ ಖಂಡಿತ ಇರುತ್ತಾಳೆ. ಅವಳ ಮನೆಗೆ ತೆಗೆದುಕೊಂಡು ಹೋಗಿ ಕೊಡು. ದಾನ ಬೇಡ ಅನ್ನಿಸಿದರೆ ನುಡಿಸುತ್ತಿರಲು ಕೊಟ್ಟಿದ್ದೇನೆ, ನಾನು ನೆಲೆ ನಿಂತಾಗ ಮರಳಿ ಕೊಡುವುದು ಎಂದು ಅವಳ ತಂದೆತಾಯಿಯ ಜೊತೆ ಒಂದು ಕಾಗದ ಬರೆದುಕೊ. ಇಬ್ಬರಿಗೂ ಅದು ಮರ್ಯಾದೆ. ವೀಣೆ ನುಡಿಯುತ್ತಲೇ ಇರುತ್ತದೆ. ನೀನು ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿಕೊಂಡು ಹಾಡು. ನಿನ್ನ ಕಂಠ ಚೆನ್ನಾಗಿದೆ, ವೀಣೆ ಸಿಕ್ಕಮೇಲೆ ಅದನ್ನು ಮೂಲೆಗೆ ಹಾಕಿದ್ದೀಯೆ.

ಇದೇ ಬಿಸಿ ಬೇರೆ ವಸ್ತುಗಳಿಗೂ ಶತ್ರು. ಔಷಧಿ, ಕ್ಯಾಸೆಟ್ಟು, ಹಳೆಯ ಫೋಟೋ, ಒತ್ತಡದ ಡಬ್ಬಿಗಳು ಯಾವುದನ್ನೂ ಮುಚ್ಚಿದ ಗಾಡಿಯಲ್ಲಿ ಬಿಟ್ಟು ದಿನಗಟ್ಟಲೆ ಹೋಗಕೂಡದು. ರೇಷ್ಮೆ ಸೀರೆಗೆ ಬಿಸಿಗಿಂತ ತೇವ ಹೆಚ್ಚು ಕೇಡು. ಪ್ರೊಪೇನ್ ಉರಿದಾಗ ನೀರಾವಿ ಹುಟ್ಟುತ್ತದೆ, ಅನ್ನ ಬೇಯುವಾಗ ಹುಟ್ಟುತ್ತದೆ, ಚಳಿಗಾಲದಲ್ಲಿ ಅದೆಲ್ಲ ತಣ್ಣಗಿನ ಗೋಡೆಗೆ ತಗುಲಿ ನೀರಾಗಿ ಕಪಾಟಿನ ಹಿಂಭಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಒಂದೆರಡು ರೇಷ್ಮೆ ಸಾಕು, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡು, ಆಗಾಗ ಮಡಿಕೆ ಬದಲಿಸು. ಉಳಿದದ್ದನ್ನು ಉಡುವವರಿಗೆ ಕೊಡು. ನಿನ್ನ ಧಾರೆ ಸೀರೆಯನ್ನು ಕೊಡು ಅಂತ ಹೇಳುವಷ್ಟು ಕಠಿಣ ನಾನಲ್ಲ. ಅದು ನಿಮ್ಮಮ್ಮನ ಬೀರುವಿನಲ್ಲಿ ಇರಲಿ. ಚಿನ್ನ ಮಾತ್ರ ಗಾಡಿಗೆ ಹತ್ತಲೇಬಾರದು, ಬ್ಯಾಂಕ್ ಲಾಕರೇ ಅದರ ಜಾಗ.

ದೇವರ ಮನೆ ಬಿಟ್ಟು ಬರಬೇಕಾ ಅಂತ ನಿಮ್ಮಮ್ಮ ಕೇಳಿದಳು. ಯಾಕೆ ಬಿಡಬೇಕು? ಅಂಗೈ ಅಗಲದ ವಿಗ್ರಹ, ಒಂದು ಚಿಕ್ಕ ಹಿತ್ತಾಳೆ ದೀಪ, ಒಂದು ಗಂಟೆ ಬರಲಿ. ಎತ್ತರದ ಕಾಲುದೀಪಗಳು ಊರಿಗೆ ಹೋಗಲಿ. ಒಂದೇ ಕಟ್ಟಳೆ: ದೀಪ ಉರಿಯುವಷ್ಟು ಹೊತ್ತೂ ಎದುರಿಗೆ ಯಾರಾದರೂ ಕೂತಿರಬೇಕು, ಏಳುವಾಗ ಶಾಂತ ಮಾಡಿ ಏಳಬೇಕು. ಟ್ರೇಲರಿನ ಗೋಡೆ ತೆಳ್ಳಗಿನ ಹಲಗೆ ಮತ್ತು ಫೋಮಿನದು, ಬೆಂಕಿ ಹತ್ತಿದರೆ ನಿಮಿಷಗಳಲ್ಲಿ ಹಬ್ಬುತ್ತದೆ. ಮಲಗುವ ಕಡೆ ಹೊರಕ್ಕೆ ತಳ್ಳಿ ತೆರೆಯುವ ತುರ್ತು ಕಿಟಕಿ ಇರುತ್ತದೆ. ಸಾಮಾನು ಹೆಚ್ಚಾದಾಗ ಎಲ್ಲರೂ ಮೊದಲು ಮುಚ್ಚಿಹಾಕುವುದು ಅದನ್ನೇ. ಆ ಕಿಟಕಿ ಮುಚ್ಚಿತು ಅಂದರೆ ಗಾಡಿಯಲ್ಲಿ ಇರಬಾರದಷ್ಟು ವಸ್ತು ಇದೆ ಅಂತಲೇ ಅರ್ಥ.

ಕಾಗದಪತ್ರಕ್ಕೆ ಬಂದರೆ, ಇಲ್ಲಿ ಹುಟ್ಟಿ ಬೆಳೆದವರಿಗೆ ಇಲ್ಲದ ತಲೆನೋವು ನಮಗಿದೆ. ಗ್ರೀನ್ ಕಾರ್ಡ್ ಬರುವವರೆಗೂ ಕಾದು ಹೊರಡುತ್ತಿದ್ದೀರಿ, ಒಳ್ಳೆಯದಾಯಿತು. ಎಚ್-1ಬಿ ಇದ್ದಾಗ ಕೆಲಸ ಮಾಡುವ ಜಾಗ ಬೇರೆ ಪ್ರದೇಶಕ್ಕೆ ಬದಲಾದರೆ ಕಂಪನಿ ಮತ್ತೆ ತಿದ್ದುಪಡಿ ಅರ್ಜಿ ಹಾಕಬೇಕಾಗುತ್ತದೆ, ಆ ವೀಸಾದಲ್ಲಿ ಊರೂರು ಅಲೆಯುತ್ತಾ ಲ್ಯಾಪ್‌ಟಾಪ್ ತೆರೆಯುವ ಹಾಗಿಲ್ಲ. ಗ್ರೀನ್ ಕಾರ್ಡಿನವರಿಗೂ ನಿಯಮಗಳಿವೆ. 18 ವರ್ಷ ದಾಟಿದವರು ಕಾರ್ಡನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು. ವಿಳಾಸ ಬದಲಾದ 10 ದಿನದೊಳಗೆ ಎಆರ್-11 ನಮೂನೆಯಲ್ಲಿ ತಿಳಿಸಬೇಕು. ನಾಳೆ ಪೌರತ್ವಕ್ಕೆ ಅರ್ಜಿ ಹಾಕಿದಾಗ ಹಿಂದಿನ 5 ವರ್ಷ ಎಲ್ಲೆಲ್ಲಿ ವಾಸವಿದ್ದಿರಿ ಎಂದು ಕೇಳುತ್ತಾರೆ, ಅರ್ಜಿ ಹಾಕುವ ರಾಜ್ಯದಲ್ಲಿ ಕನಿಷ್ಠ 3 ತಿಂಗಳು ಇದ್ದಿರಬೇಕು ಎನ್ನುತ್ತಾರೆ. ಆದ್ದರಿಂದ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಂಡುಕೊ. ಯಾವ ಕ್ಯಾಂಪಿಗೆ ಯಾವ ತಾರೀಕು ಬಂದಿರಿ, ಯಾವಾಗ ಬಿಟ್ಟಿರಿ, ಸೈಟ್ ನಂಬರೆಷ್ಟು ಎಲ್ಲ ಅಂದಂದೇ ಬರೆದಿಡು. ನೀವು ಗಾಡಿಯಲ್ಲಿ ಹೊರುವ ವಸ್ತುಗಳಲ್ಲಿ ಅದರಷ್ಟು ಬೆಲೆಯದು ಕಡಿಮೆ.

ಕಾಯಂ ವಿಳಾಸ ಯಾವ ರಾಜ್ಯದ್ದು ಅನ್ನುವುದನ್ನು ಮನೆ ಮಾರುವ ಮೊದಲೇ ವಕೀಲರನ್ನು ಕೇಳಿ ತೀರ್ಮಾನಿಸಿ. ಹೀಗೆ ಬದುಕುವವರು ಹೆಚ್ಚಾಗಿ ಟೆಕ್ಸಾಸ್, ಫ್ಲೋರಿಡಾ, ಸೌತ್ ಡಕೋಟ ಆರಿಸಿಕೊಳ್ಳುತ್ತಾರೆ; ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. 1978ರಲ್ಲಿ ಶುರುವಾದ ಎಸ್ಕೇಪೀಸ್ ಎಂಬ ಆರ್‌ವಿ ಕ್ಲಬ್ಬು ಟೆಕ್ಸಾಸಿನ ಲಿವಿಂಗ್‌ಸ್ಟನ್ನಿನಿಂದ ಸದಸ್ಯರ ಅಂಚೆಯನ್ನು ಅವರಿದ್ದಲ್ಲಿಗೆ ಕಳಿಸುವ ವ್ಯವಸ್ಥೆ ನಡೆಸುತ್ತದೆ. ಒಂದೇ ಪೊಟ್ಟಣ ತರಿಸಿಕೊಳ್ಳಬೇಕಾದರೆ ಹತ್ತಿರದ ಪೋಸ್ಟ್ ಆಫೀಸಿಗೆ ಜನರಲ್ ಡೆಲಿವರಿ ಎಂದು ಬರೆಸಿದರೂ ಇಟ್ಟಿರುತ್ತಾರೆ. ವಿಮೆಯವರಿಗೆ ವರ್ಷವಿಡೀ ಇದೇ ನಮ್ಮ ಮನೆ ಎಂದು ಸ್ಪಷ್ಟವಾಗಿ ಹೇಳಿ, ಫುಲ್-ಟೈಮರ್ ಪಾಲಿಸಿ ಬೇರೆ ಇದೆ. ಊರಿನ ಆಸ್ತಿಯ ಕ್ರಯಪತ್ರ, ವಂಶವೃಕ್ಷ, ಪುಟ್ಟಿಯ ಜನನ ಪತ್ರದ ಮೂಲಪ್ರತಿ ಲಾಕರಿನಲ್ಲಿರಲಿ, ಸ್ಕ್ಯಾನ್ ಪ್ರತಿ ನಿಮ್ಮ ಹತ್ತಿರ. ಪಾಸ್‌ಪೋರ್ಟು ಮಾತ್ರ ಜೊತೆಯಲ್ಲೇ ಬರಬೇಕು. ಊರಿನಲ್ಲಿ ಹಿರಿಯರಿದ್ದಾರೆ, ಯಾವ ರಾತ್ರಿ ಫೋನ್ ಬಂದೀತೋ ಯಾರಿಗೂ ಗೊತ್ತಿಲ್ಲ.

ಫೋಟೋ ಆಲ್ಬಮ್ಮುಗಳನ್ನು ಸ್ಕ್ಯಾನ್ ಮಾಡಿಸುತ್ತೇನೆ ಅಂದೆ. ಮಾಡಿಸು. ಆದರೆ ಅದಕ್ಕೆ ಮುಂಚೆ ಒಂದೊಂದನ್ನೇ ವಿಡಿಯೋ ಕಾಲಿನಲ್ಲಿ ನಿಮ್ಮಮ್ಮನಿಗೆ ತೋರಿಸಿ ಯಾರು ಯಾರು ಅಂತ ಕೇಳು, ಅವಳು ಹೇಳುವುದನ್ನು ರೆಕಾರ್ಡ್ ಮಾಡಿಕೊ, ಹಿಂಬದಿಗೆ ಪೆನ್ಸಿಲಿನಲ್ಲಿ ಬರೆ. ಹೆಸರಿಲ್ಲದ ಫೋಟೋವನ್ನು ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಪುಟ್ಟಿಯ ಕಾಲಕ್ಕೆ ಅದು ಅಪರಿಚಿತರ ಮುಖವಾಗುತ್ತದೆ. ಈ ನಾಲ್ಕು ತಿಂಗಳಲ್ಲಿ ಬೇರೆ ಯಾವ ಕೆಲಸ ತಪ್ಪಿದರೂ ಇದು ತಪ್ಪಬಾರದು. ಮೂಲ ಚಿತ್ರಗಳು ಶಿವಮೊಗ್ಗಕ್ಕೆ ಹೋಗಲಿ, ಅವುಗಳನ್ನು ದಿನಾ ತಿರುವಿ ನೋಡುವವರು ಅಲ್ಲಿದ್ದಾರೆ.

ಪುಸ್ತಕ ಒಂದು ಅಡಿ ಉದ್ದದ ಸಾಲಿಗೆ ನಿಲ್ಲಿಸು. "ಮಲೆಗಳಲ್ಲಿ ಮದುಮಗಳು" ಅಂಥ ಒಂದು ದಪ್ಪ ಕಾದಂಬರಿ ಇರಲಿ, ಮಳೆ ಹಿಡಿದ ವಾರಕ್ಕೆ. ಉಳಿದವು ಕನ್ನಡ ಶಾಲೆಯ ಗ್ರಂಥಾಲಯಕ್ಕೆ.

ಈಗ ಆ ಸ್ಟೋರೇಜ್ ಕೋಣೆ. ಅಳಿಯಂದಿರು ಹತ್ತು ಅಡಿಗೆ ಹತ್ತು ಅಡಿಯದೊಂದನ್ನು ನೋಡಿ ಬಂದಿದ್ದಾರಂತೆ, ತಿಂಗಳಿಗೆ 130 ಡಾಲರ್. ವರ್ಷಕ್ಕೆ 1,560, ಐದು ವರ್ಷಕ್ಕೆ 7,800. ಅದರೊಳಗೆ ಇಡಬೇಕೆಂದಿರುವ ಊಟದ ಮೇಜು, ಸೋಫಾ, ಮಂಚಗಳನ್ನು ಇಂದು ಮಾರಿದರೆ ಎಷ್ಟು ಬರುತ್ತದೆ ಎಂದು ವಿಚಾರಿಸಿ ನೋಡಿ, ಆ ಅಂಕಿಯನ್ನು ಇದರ ಪಕ್ಕದಲ್ಲಿ ಬರೆಯಿರಿ. ದುಡ್ಡಿನ ಮಾತಷ್ಟೇ ಅಲ್ಲ. ಬೀಗ ಹಾಕಿದ ಮಂಚದ ಮೇಲೆ ಯಾರೂ ಮಲಗುವುದಿಲ್ಲ. ಬಾಡಿಗೆ ತಪ್ಪಿದರೆ ಒಳಗಿನದನ್ನು ಹರಾಜು ಹಾಕುವ ಅಧಿಕಾರ ಅವರಿಗೆ ಇರುತ್ತದೆ, ಕಂಡವರು ಕೂಗಿ ಕೊಳ್ಳುತ್ತಾರೆ. ಇವೆಲ್ಲಕ್ಕಿಂತ ನನಗೆ ಕಷ್ಟವೆನ್ನಿಸುವುದು, ನೀವು ಅರಿಜೋನದ ಮರುಭೂಮಿಯಲ್ಲಿ ಸಂಜೆ ಕೂತಾಗಲೂ ಮನಸ್ಸಿನ ಒಂದು ತುದಿ ಓಹಾಯೋದ ಆ ಕೋಣೆಗೆ ಕಟ್ಟಿಹಾಕಿರುತ್ತದೆ ಎನ್ನುವುದು. ಒಂದು ವರ್ಷ ನೋಡಿ ಹಿಡಿಸದಿದ್ದರೆ ಮರಳಿ ಬರುತ್ತೇವೆ ಅನ್ನುವ ಯೋಚನೆ ನಿಜವಾಗಿ ಇದ್ದರೆ ಮಾತ್ರ ಕೋಣೆ ಹಿಡಿಯಿರಿ. ಹಿಡಿಯುವ ದಿನವೇ ಬಿಡುವ ತಾರೀಕನ್ನು ಬರೆದು ಇಬ್ಬರೂ ಸಹಿ ಹಾಕಿ.

ಕೊಡುವುದಾದರೆ ಈಗಲೇ ಕೊಡಿ. ಕೊನೆಯ ವಾರಕ್ಕೆ ಬಿಟ್ಟರೆ ಕೊಡುವ ಸಂತೋಷ ಹೋಗಿ ಎಸೆಯುವ ಅವಸರ ಉಳಿಯುತ್ತದೆ. ನಿಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಆಗಸ್ಟಿನಲ್ಲಿ ನಮ್ಮ ದೇಶದ ಮಕ್ಕಳು ಎರಡು ಸೂಟ್‌ಕೇಸು ಹಿಡಿದು ಬಂದು ಇಳಿಯುತ್ತಾರೆ. ಖಾಲಿ ಅಪಾರ್ಟ್‌ಮೆಂಟಿನ ಕಾರ್ಪೆಟ್ ಮೇಲೆ ಮಲಗುತ್ತಾರೆ, ನಾಲ್ಕು ಜನಕ್ಕೆ ಒಂದು ಕುಕ್ಕರ್. ನೀವೂ ಹಾಗೇ ಬಂದವರು. ಹಾಸಿಗೆ, ಕುರ್ಚಿ, ಸ್ಟೀಲ್ ತಟ್ಟೆ, ನಿಮ್ಮ ಎರಡನೆಯ ಕುಕ್ಕರ್, ಚಳಿಯ ಕೋಟುಗಳು ಅವರಿಗೆ ಹೋಗಲಿ. ವೆಟ್ ಗ್ರೈಂಡರ್ ಕೊಟ್ಟರೆ ಕೈಮುಗಿದು ತೆಗೆದುಕೊಂಡು ಹೋಗುತ್ತಾರೆ. ಉಪಯೋಗಿಸುವ ಕೈ ಕಣ್ಣಿಗೆ ಕಂಡರೆ ಬಿಟ್ಟುಕೊಡುವುದು ನೋಯುವುದಿಲ್ಲ. ದೊಡ್ಡ ಕಪಾಟು, ಬಾಗಿಲು, ಲೈಟುಗಳಂಥವನ್ನು ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯವರ ರೀಸ್ಟೋರ್ ಅಂಗಡಿಯವರು ತೆಗೆದುಕೊಳ್ಳುತ್ತಾರೆ, ಅದರಿಂದ ಬಂದ ಹಣ ಮನೆ ಕಟ್ಟಿಕೊಡುವ ಕೆಲಸಕ್ಕೆ ಹೋಗುತ್ತದೆ.

ಪುಟ್ಟಿಯ ವಸ್ತುಗಳನ್ನು ನೀನು ಆರಿಸಬೇಡ ಕಣೇ. ಇದೊಂದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಅವಳಿಗೆ ಒಂದು ಪೆಟ್ಟಿಗೆ ಕೊಡು, ಇದು ತುಂಬುವಷ್ಟು ನಿನ್ನದು ಅನ್ನು. ಮುರಿದ ಕಾರು, ಕಲ್ಲು, ಒಂದು ಕಿವಿ ಹೋದ ಮೊಲ ಏನನ್ನಾದರೂ ತುಂಬಲಿ. ಮಲಗಿದ ಮೇಲೆ ಮೆಲ್ಲಗೆ ತೆಗೆದು ಎಸೆಯಬೇಡ. ಆರು ವರ್ಷದ ಮಗು ಊರು, ಶಾಲೆ, ಗೆಳತಿಯರನ್ನು ನಿಮ್ಮ ಮಾತಿಗಾಗಿ ಬಿಟ್ಟು ಬರುತ್ತಿದೆ. ಅದರ ಪೆಟ್ಟಿಗೆಯೊಳಗಿನದಾದರೂ ಅದರ ತೀರ್ಮಾನಕ್ಕೆ ಇರಬೇಕು. ಆರೇಳು ತಿಂಗಳಿಗೆ ಅವಳೇ ಒಂದಷ್ಟು ತೆಗೆದು ಬೇರೆ ಮಕ್ಕಳಿಗೆ ಕೊಡುತ್ತಾಳೆ, ಆಗ ಹೊಸದನ್ನು ಹುಡುಕಿ ತುಂಬುತ್ತಾಳೆ. ನೀವಿಬ್ಬರೂ ಒಂದೊಂದು ಅಂಥ ಪೆಟ್ಟಿಗೆ ಇಟ್ಟುಕೊಳ್ಳಿ. ಅದರಲ್ಲಿ ಇರುವುದಕ್ಕೆ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಲೆಕ್ಕ ಕೇಳಬಾರದು. ನಿಮ್ಮ ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಅವರ ಅಪ್ಪನ ಅಡಕತ್ತರಿ ಇದೆ. ಅವರು ಎಲೆಯಡಿಕೆ ಹಾಕುವುದಿಲ್ಲ. ನಾನು ಯಾವತ್ತೂ ಅದರ ತೂಕ ಕೇಳಿಲ್ಲ.

ಹೊರಡುವುದಕ್ಕೆ ಒಂದು ತಿಂಗಳ ಮುಂಚೆ ಗಾಡಿಯನ್ನು ಮನೆಯಿಂದ ಹತ್ತು ಮೈಲಿ ದೂರದ ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ ಎರಡು ವಾರ ಅದರಲ್ಲೇ ಇರಿ. ಅಳಿಯಂದಿರು ಅಲ್ಲಿಂದಲೇ ಕೆಲಸ ಮಾಡಲಿ, ಪುಟ್ಟಿ ಅಲ್ಲಿಂದಲೇ ಶಾಲೆಗೆ ಹೋಗಲಿ. ಯಾವುದನ್ನು ತರಲು ಮನೆಗೆ ವಾಪಸ್ ಓಡಿದಿರಿ ಅನ್ನುವುದನ್ನು ಬರೆದಿಡಿ. ಗಾಡಿಯಲ್ಲಿದ್ದೂ ಎರಡು ವಾರ ಕೈಗೆ ಬಾರದ್ದನ್ನೂ ಬರೆದಿಡಿ. ಹಾಗೆ ಕೈಗೆ ಬಾರದ್ದರಲ್ಲಿ ಔಷಧಿ, ಉಪಕರಣ, ಮಳೆಯ ಅಂಗಿ ಬಿಟ್ಟು ಉಳಿದದ್ದನ್ನು ಇಳಿಸಿಬಿಡಿ.

ಅದಾದ ಮೇಲೆ ಎಲ್ಲ ತುಂಬಿ, ನೀರಿನ ತೊಟ್ಟಿ ತುಂಬಿ, ಮೂವರೂ ಪಿಕಪ್ಪಿನಲ್ಲಿ ಕೂತು ಹೆದ್ದಾರಿ ಪಕ್ಕದ ಯಾವುದಾದರೂ ದೊಡ್ಡ ಟ್ರಕ್ ಸ್ಟಾಪಿಗೆ ಹೋಗಿ. ಅಲ್ಲಿ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಕದ ಕಟ್ಟೆ ಇರುತ್ತದೆ. ಪಿಕಪ್ಪಿನ ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರಿನ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ. ಚೀಟಿಯಲ್ಲಿ ಮೂರು ತೂಕ, ಕೆಳಗೆ ಒಟ್ಟು ಮೊತ್ತ ಬರುತ್ತದೆ. ಆ ನಾಲ್ಕು ಅಂಕಿಗಳನ್ನೂ ಟೈರಿನ ಮೇಲೆ ಬರೆದಿರುವ ಮಿತಿಯನ್ನೂ ಓದಿಕೊಂಡು ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿ. ಅವರು ಲೆಕ್ಕ ಹಾಕಿ ಹೇಳುತ್ತಾರೆ. ಭಾನುವಾರ ಮಧ್ಯಾಹ್ನದ ಮೇಲೆ ನಮಗೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ.